ಹನ್ನೆರಡು ಇಂಚಿನ ಗುಡುಗು

“ಒಂದ ತಿಂಗಳದಾಗ ಖರೇ ಬೇಸ್ ಅಂದ್ರ ಏನಂತ ನಿನಗ ಕೇಳಸ್ಲಿಲ್ಲಂದ್ರ, ನನ್ನ ಈ ಕಿವಿ ಕೊಯ್ದು ಖಾನಾಪುರದ ಬಸ್ ಸ್ಟ್ಯಾಂಡಿನ್ಯಾಗ ತೂಗ ಹಾಕು!”

ಬಾಳೇಶ ಈ ಶಪಥ ಮಾಡಿದ್ದು ರಣರಂಗದಲ್ಲೇನೂ ಅಲ್ಲ. ಖಾನಾಪುರದಲ್ಲಿ, ಹೆಂಡತಿಯ ತಮ್ಮ ಬಾಳಾಸಾಹೇಬನ ಮನೆಯ ಪಡಸಾಲೆಯಲ್ಲಿ, ಕೈಯಲ್ಲಿ ಅರ್ಧ ಹೋಳಿಗೆ ಹಿಡಿದುಕೊಂಡು. ತುಪ್ಪ ಮೊಣಕೈವರೆಗೆ ಇಳಿಯುತ್ತಿತ್ತು. ಶಪಥದ ಭರದಲ್ಲಿ ಅವನಿಗೆ ಅದು ಗೊತ್ತಾಗಲಿಲ್ಲ.

ಆದದ್ದು ಇಷ್ಟು. ಬಾಳಾಸಾಹೇಬ ತನ್ನ ಟಿವಿಯ ಕೆಳಗೆ ಹೊಸದಾಗಿ ಒಂದು ಉದ್ದನೆಯ ಸ್ಪೀಕರ್ ಪಟ್ಟಿ ತಂದಿಟ್ಟಿದ್ದ. ಅಕ್ಕ ಮತ್ತು ಅಕ್ಕನ ಗಂಡನನ್ನು ಊಟಕ್ಕೆ ಕರೆದು, ಹೋಳಿಗೆ ಬಡಿಸಿ, ಸಿನಿಮಾ ಹಚ್ಚಿ, “ಹೆಂಗ ಐತ್ರಿ ದಾಜೀ, ಆವಾಜ?” ಎಂದು ಕೇಳಿದ. ಅಕ್ಕನ ಗಂಡನನ್ನು ಅವರ ಕಡೆ ದಾಜಿ ಎನ್ನುತ್ತಾರೆ. ಬೇರೆ ಯಾವ ದಾಜಿಯಾದರೂ “ಮಸ್ತ ಐತಿ” ಎಂದು ಎರಡನೇ ಹೋಳಿಗೆಗೆ ಕೈಚಾಚುತ್ತಿದ್ದ. ಬಾಳೇಶ ಮಾತ್ರ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಅರ್ಧ ನಿಮಿಷ ಆಲಿಸಿ, “ಇದರಾಗ ಬೇಸ್ ಇಲ್ಲ. ಪೈಪಿನ್ಯಾಗ ಕುಂತು ಯಾರೋ ಕೆಮ್ಮಿದಂಗ ಐತಿ” ಎಂದು ತೀರ್ಪು ಕೊಟ್ಟ. ಬೇಸ್ ಎಂದರೆ ಎದೆಗೂಡಿನೊಳಗೆ ಹೋಗಿ ಬಡಿಯುವ ಆ ದಪ್ಪ ಸದ್ದು. ಅದಿಲ್ಲದ ಸಿನಿಮಾ ನೋಡುವುದಕ್ಕಿಂತ ಗೋಡೆ ನೋಡುವುದು ಲೇಸು ಎಂಬುದು ಬಾಳೇಶನ ಸಿದ್ಧಾಂತ.

ಬಾಳಾಸಾಹೇಬನ ಮುಖ ಸಣ್ಣದಾಯಿತು. “ಹಂಗಾರ ನಿಮ್ಮ ಮನ್ಯಾಗಿಂದ ಒಂದ ಸಲ ಕೇಳಸ್ರಲಾ.”

ಬಾಳೇಶನ ಮನೆಯಲ್ಲಿ ಇದ್ದದ್ದು ಟಿವಿಯ ಹೊಟ್ಟೆಯೊಳಗಿನ ಸದ್ದೊಂದೇ. ಆದ್ದರಿಂದ ಶಪಥ ಮಾಡುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ!

ಅವನ ಕಿವಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಳಗಾವಿಯ ಆಟೋ ನಗರದ ಒಂದು ಗ್ಯಾರೇಜಿನಲ್ಲಿ ಬಾಳೇಶ ಹಿರಿಯ ಮೇಸ್ತ್ರಿ. ಕೆಟ್ಟ ಗಾಡಿ ಬಂದರೆ ಉಳಿದವರು ಸ್ಪ್ಯಾನರ್ ಹುಡುಕುತ್ತಾರೆ, ಇವನು ಜೇಬಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆಯುತ್ತಾನೆ. ಅದರ ತುದಿಯನ್ನು ಇಂಜಿನ್ನಿಗೂ ಹಿಡಿಕೆಯನ್ನು ಕಿವಿಗೂ ಹಚ್ಚಿ, ಡಾಕ್ಟರರ ಗತ್ತಿನಲ್ಲಿ, “ಮೂರನೇ ಬೇರಿಂಗ್ ಹೋಗೇತಿ” ಎನ್ನುತ್ತಾನೆ. ಬಿಚ್ಚಿದರೆ ಮೂರನೇ ಬೇರಿಂಗೇ ಹೋಗಿರುತ್ತದೆ! ಬಾಳಾಸಾಹೇಬನ ಇಟ್ಟಂಗಿ ಸಾಗಿಸುವ ಮೂರು ಟಿಪ್ಪರುಗಳು ಓಡುತ್ತಿದ್ದದ್ದು ಡೀಸೆಲ್ಲಿನ ಮೇಲೆ ಅರ್ಧ, ದಾಜಿಯ ಕಿವಿಯ ಮೇಲೆ ಅರ್ಧ. ಈ ಕಿವಿ ಒಮ್ಮೆ ಸುಳ್ಳಾಯಿತೆಂದರೆ ಆಟೋ ನಗರದಲ್ಲೂ ಖಾನಾಪುರದಲ್ಲೂ ಬಾಳೇಶ ತಲೆಯೆತ್ತಿ ತಿರುಗುವಂತಿರಲಿಲ್ಲ.

ವಾಪಸು ಬರುವಾಗ ಹೆಂಡತಿ ಸಪ್ನಾ ಕೇಳಿದಳು. “ಅಲ್ರಿ, ಉಂಡ ಮನ್ಯಾಗ ಕುಂತು ಹಿಂಗ ಮಾತಾಡೂದೇನು?”

“ನಾ ಎಲ್ಲಿ ಮಾತಾಡೀನಿ? ನನ್ನ ಕಿವಿ ಮಾತಾಡ್ತು.”

“ನಿಮ್ಮ ಕಿವಿ ಮಾತಾಡೂದ ಬಿಟ್ಟು ಒಂದೀಟ ಕೇಳೂದ ಕಲೀಲಿ.”

ಇಂಥ ಕಿವಿಗೆ ಒಬ್ಬ ಶತ್ರುವಿದ್ದ. ಹೆಸರು ಸಾತಪ್ಪ. ಬಾಳೇಶನ ಮನೆ ಇದ್ದದ್ದು ವಡಗಾವಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ. ಹತ್ತು ವರ್ಷದ ಹಿಂದೆ ಮನೆ ನೋಡಲು ಬಂದಾಗ ಓಣಿಯೆಲ್ಲ ಶಾಂತವಾಗಿತ್ತು. “ಎಷ್ಟ ತಣ್ಣಗ ಐತಿ ಓಣಿ!” ಎಂದು ಈ ಮಹಾ ಕಿವಿಯೇ ಮೆಚ್ಚಿ ಒಪ್ಪಿಕೊಂಡಿತ್ತು. ಅವತ್ತು ಕರೆಂಟ್ ಇರಲಿಲ್ಲ ಎಂಬುದು ಸಾಮಾನು ಇಳಿಸಿದ ಮೇಲೆ ತಿಳಿಯಿತು. ಕರೆಂಟ್ ಬಂತು. ಓಣಿಯ ಪ್ರತಿ ಮನೆಯಲ್ಲೂ ಮಗ್ಗಗಳು ಎದ್ದು ಕುಣಿದವು. ಬಾಳೇಶನ ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿಕೊಂಡೇ ಸಾತಪ್ಪನ ನಾಲ್ಕು ಪಾವರ್‌ಲೂಮುಗಳಿದ್ದವು. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಧಡ್, ಧಡ್, ಧಡ್. ಮಧ್ಯಾಹ್ನ ಒಂದಕ್ಕೆ ಊಟದ ಬಿಡುವು. ಎರಡಕ್ಕೆ ಮತ್ತೆ ಧಡ್, ಧಡ್. ರವಿವಾರವಿಲ್ಲ, ಸೋಮವಾರವಿಲ್ಲ. ಇಂಜಿನ್ನಿನ ಪಿಸುಮಾತನ್ನೂ ಹಿಡಿಯುವ ಕಿವಿಗೆ ಇದೆಂಥ ಅಪಮಾನ! ನೇಯುವವರು ಸೀರೆ ನೇಯಲಿ, ಬೇಡ ಎಂದವರಾರು, ಆದರೆ ಸಪ್ಪಳವಿಲ್ಲದೆ ನೇಯಬಾರದೇ? ಹೀಗೆ ಬಾಳೇಶ ಹತ್ತು ವರ್ಷದಿಂದ ಕುದಿಯುತ್ತಿದ್ದ.

ಕುದಿದು ಕುದಿದು ಕೊನೆಗೆ ಪಾಲಿಕೆಗೆ ಒಂದು ಅರ್ಜಿ ಬರೆದಿದ್ದ. ಅರ್ಜಿಯೆಂದರೆ ಅರ್ಜಿ! ‘ಮಾನ್ಯರೇ, ನೆರೆಮನೆಯ ಸದರಿ ಸಾತಪ್ಪ ಇವರ ಸಪ್ಪಳದಿಂದ ನಮ್ಮ ಗೋಡೆಗಳು ನಡುಗುತ್ತಿದ್ದು, ಅಡುಗೆಮನೆಯ ಪಾತ್ರೆಗಳು ತಾವಾಗಿಯೇ ಕೆಳಗಿಳಿಯುತ್ತಿದ್ದು, ಎದೆಯೊಳಗೆ ಧಡಧಡ ಎನ್ನುತ್ತಿದ್ದು, ಕುಟುಂಬದ ಯಾರಿಗೂ ನಿದ್ದೆಯೇ ಇಲ್ಲವಾಗಿದ್ದು...’ ಹೀಗೆ ಒಂದೂವರೆ ಪುಟ, ಮುತ್ತಿನಂಥ ಅಕ್ಷರ. ಸಹಿಗಾಗಿ ಮನೆ ಮನೆಗೆ ಹೋದ. ನೇಕಾರರ ಓಣಿಯಲ್ಲಿ ಮಗ್ಗದ ವಿರುದ್ಧ ಸಹಿ ಯಾರು ಹಾಕಬೇಕು? ಕೊನೆಯ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದವನು ಸ್ವತಃ ಸಾತಪ್ಪ. ಅವನು ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಪೂರಾ ಓದಿ, “ಅಕ್ಷರ ಭಾಳ ಚಂದ ಅದಾವ ನೋಡು ತಮ್ಮಾ” ಎಂದು ಮಡಚಿ ಕೈಗೆ ಕೊಟ್ಟ. ಬೈದಿದ್ದರೂ ಬಾಳೇಶನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಕಟ್ಟಿಕೊಂಡ ಹೆಂಡತಿಯಾದರೂ ಸಹಿ ಹಾಕಿದಳೇ? ಇಲ್ಲ! “ಮಗ್ಗ ಚಾಲೂ ಇದ್ದಾಗ ಕುರ್ಚ್ಯಾಗ ಕುಂತಲ್ಲೇ ಗೊರಕಿ ಹೊಡೀತೀರಿ. ಇಲ್ಲಿ ನೋಡಿದ್ರ ನಿದ್ದೀನ ಇಲ್ಲ ಅಂತ ಬರದೀರಿ. ಸುಳ್ಳಿಗೆ ನಾ ಸಹಿ ಹಾಕಾಂಗಿಲ್ಲ” ಎಂದುಬಿಟ್ಟಳು. ಅರ್ಜಿ ಟಿವಿಯ ಕೆಳಗಿನ ಖಾನೆಯಲ್ಲಿ, ಎರಡನೇ ಸಹಿಯ ದಾರಿ ಕಾಯುತ್ತ ಬಿದ್ದುಕೊಂಡಿತು.

ಈಗ ಖಾನಾಪುರದ ಶಪಥ ಬಂದದ್ದು ಒಂದೇ ಏಟಿಗೆ ಎರಡು ಕೆಲಸವಾಗುವ ಯೋಗವೆಂದು ಬಾಳೇಶನಿಗೆ ಅನ್ನಿಸಿತು. ಬಾಳಾಸಾಹೇಬನ ಬಾಯಿಯೂ ಮುಚ್ಚಬೇಕು, ಸಾತಪ್ಪನ ಮಗ್ಗವೂ ಮುಳುಗಬೇಕು. ಅಂಥ ಹೋಮ್ ಥಿಯೇಟರ್ ತರುತ್ತೇನೆ ಎಂದು ಸಪ್ನಾಳನ್ನೂ ಕರೆದುಕೊಂಡು ಹೊರಟ.

ಖಡೇಬಜಾರದ ಅಂಗಡಿಯಲ್ಲಿ ಓಂಕಾರ ಎಂಬ ಮೆಲುಮಾತಿನ ಮನುಷ್ಯ ಎದುರಾದ. “ಬರ್ರಿ ಸಾಹೇಬ್ರ, ಕುಂದರ್ರಿ. ರೂಮ್ ಎಷ್ಟ ದೊಡ್ಡದೈತ್ರಿ?”

“ಹತ್ತು ಬೈ ಹನ್ನೆರಡು.”

“ಹಂಗಾರ ಬೇಸಿಗೆ ಎಂಟ ಇಂಚಿನ ಸಬ್‌ವೂಫರ್ ಬೇಕಾದಷ್ಟಾತ್ರಿ.”

ಬಾಳೇಶನ ಮೂಗು ಕೆಂಪಾಯಿತು. “ನನ್ನ ನೋಡಿ ಎಂಟ ಇಂಚ್ ಅಂತೀರಲ್ಲಾ! ನಾ ಯಾರು ಗೊತ್ತೈತೇನು? ಆಟೋ ನಗರದಾಗ ಕೇಳ್ರಿ!”

“ನಿಮ್ಮ ಅಳತಿ ಅಲ್ರಿ, ರೂಮಿನ ಅಳತಿ ಹೇಳಿದೆ. ಸಣ್ಣ ಖೋಲ್ಯಾಗ ದೊಡ್ಡದಿಟ್ರ ಆವಾಜ ಗಜಿಬಿಜಿ ಆಕ್ಕೈತ್ರಿ.”

“ಟಿಪ್ಪರಿಗೆ ಸ್ಕೂಟರಿನ ಇಂಜಿನ್ ಹಾಕಿದ್ರ ಓಡ್ತೈತೇನು? ಹನ್ನೆರಡು ಇಂಚಿಂದ ತೆಗೀರಿ!”

ಬಂದದ್ದು ಧಾನ್ಯದ ಕಣಜದ ಮರಿಯಂಥ ಒಂದು ಕರಿಯ ಪೆಟ್ಟಿಗೆ. ಬಾಳೇಶ ಸ್ಕ್ರೂಡ್ರೈವರ್ ತೆಗೆದು ಅದರ ಮೈಗೆ ಹಚ್ಚಿ, ಹಿಡಿಕೆಗೆ ಕಿವಿಗೊಟ್ಟು ಕಣ್ಣು ಮುಚ್ಚಿದ. ಅಂಗಡಿಯಲ್ಲಿದ್ದ ಗಿರಾಕಿಗಳು ಎರಡು ಹೆಜ್ಜೆ ಹಿಂದೆ ಸರಿದರು. “ಸಾಹೇಬ್ರ, ಇನ್ನೂ ಚಾಲೂ ಮಾಡಿಲ್ರಿ” ಎಂದು ಓಂಕಾರ ಮೆಲ್ಲಗೆ ಹೇಳಿದ. “ಗೊತ್ತೈತಿ! ಬಂದ್ ಇದ್ದಾಗ ಹೆಂಗ ಐತಿ ಅಂತ ನೋಡಾತೀನಿ” ಎಂದು ಬಾಳೇಶ ಗದರಿದ.

ನಂತರ ಸುತ್ತಲಿನ ಸ್ಪೀಕರುಗಳ ಸರದಿ. ಓಂಕಾರ ಎಣಿಸಿದ. “ಮುಂದಿನ್ವು ಎರಡು, ನಡುವಿಂದ ಒಂದು, ಹಿಂದಿನ್ವು ಎರಡು.”

ಸಪ್ನಾ ಬಾಯಿ ಹಾಕಿದಳು. “ಹಿಂದೀವು ಎರಡ ಯಾಕ್ರಿ? ನಾವ ನೋಡೂದು ಕನ್ನಡ, ಒಮ್ಮೊಮ್ಮೆ ಮರಾಠಿ. ಹಿಂದೀವು ತಗದು ಕನ್ನಡದ್ದೊಂದು, ಮರಾಠೀದೊಂದು ಕೊಡ್ರಿ, ಜಗಳ ಬ್ಯಾಡ.”

“ಹಿಂದೀ ಅಲ್ರಿ ಅಕ್ಕಾರ, ಹಿಂದ! ಬೆನ್ನ ಹಿಂದ ಇಡೂವಂಥಾವು!”

“ಬೆನ್ನ ಹಿಂದ ಮಾತಾಡೂ ಮಂದಿ ನಮ್ಮ ಓಣ್ಯಾಗ ಬೇಕಾದಷ್ಟ ಅದಾರಲ್ರಿ, ಮತ್ತ ಯಾಕ ತರೂದು?”

ಅವಳು ತಿಳಿಯದೆ ಕೇಳಿದಳೋ ಚಾಷ್ಟಿ ಮಾಡಿದಳೋ ಓಂಕಾರನಿಗೆ ತಿಳಿಯಲಿಲ್ಲ. ಹತ್ತು ವರ್ಷ ಸಂಸಾರ ಮಾಡಿದ ಬಾಳೇಶನಿಗೂ ಅದು ತಿಳಿಯುತ್ತಿರಲಿಲ್ಲ. ಹೊರಡುವಾಗ ಓಂಕಾರ, “ನಾಳೆ ನಮ್ಮ ಫಿಟ್ಟರ್ ಬಂದು ಎಲ್ಲಾ ಹಚ್ಚಿ ಕೊಡ್ತಾನ್ರಿ, ಫ್ರೀ” ಎಂದ. ಬಾಳೇಶ ಅಂಗಡಿಯ ಮೆಟ್ಟಿಲ ಮೇಲೆ ಗಕ್ಕನೆ ನಿಂತ.

“ಫಿಟ್ಟರ್? ನನ್ನ ಮನೀಗೆ? ಇಪ್ಪತ್ತೈದು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದಾವಗ ಆರ ವೈರ್ ಹಚ್ಚಾಕ ಫಿಟ್ಟರ್ ಕಳಸ್ತೀರಿ? ಅಪಮಾನ ಮಾಡಾತೀರೇನು?”

ಮರುದಿನ ರಜೆ ಹಾಕಿ ಬಾಳೇಶ ತಾನೇ ಕುಳಿತ. ಜೊತೆಗೆ ಬಂದ ಸೂಚನೆಯ ಪುಸ್ತಕ ಸಪ್ನಾಳ ಮಿಕ್ಸರಿನ ಕೆಳಗೆ ಹೋಯಿತು. ಸ್ಪೀಕರಿನ ವೈರುಗಳು ಅಚ್ಚುಕಟ್ಟಾಗಿ ಕೂತವು. ಹಿಂದಿನ ಎರಡು ಸ್ಪೀಕರುಗಳಲ್ಲಿ ಒಂದು ಕ್ಯಾಲೆಂಡರಿನ ಮೊಳೆಗೆ, ಇನ್ನೊಂದು ದೇವರ ಮಾಡದ ಪಕ್ಕಕ್ಕೆ. ದೊಡ್ಡ ಪೆಟ್ಟಿಗೆ ಎಲ್ಲಿ? ಬೇರೆ ಎಲ್ಲೂ ಹಿಡಿಸಲಿಲ್ಲ. ಸಾತಪ್ಪನ ಗೋಡೆಗೆ ಹತ್ತಿಕೊಂಡ ಮೂಲೆಯಲ್ಲಿ ಬಿಗಿಯಾಗಿ ಕೂರಿಸಿದ. ಶತ್ರುವಿನ ಗೋಡೆಗೇ ತೋಪು ಹಚ್ಚಿದ ತೃಪ್ತಿ! ಕೊನೆಗೆ ಕೈಯಲ್ಲಿ ಆ ಪೆಟ್ಟಿಗೆಯದೊಂದು ವೈರ್ ಉಳಿಯಿತು, ಎಲ್ಲ ಸ್ಪೀಕರುಗಳಿಗೂ ಸದ್ದು ಹಂಚುವ ಆಂಪ್ಲಿಫೈಯರ್ ಯಂತ್ರದ ಬೆನ್ನಲ್ಲಿ ನಾಲ್ಕೈದು ತೂತು ಖಾಲಿ ಉಳಿದವು. ಯಾವುದು ಕೈಗೆ ಹತ್ತಿರವಿತ್ತೋ ಅದಕ್ಕೆ ಚುಚ್ಚಿದ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿಕೊಂಡಿತು.

“ನೋಡು, ಜೀವ ಬಂತು!” ಎಂದು ಒಂದು ಹೊಡೆದಾಟದ ಸಿನಿಮಾ ಹಚ್ಚಿದ.

ಧಡ್! ಧಡ್! ಧಡ್!

ಬಾಳೇಶನ ಕಣ್ಣಲ್ಲಿ ನೀರು ಬಂತು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ನಡುಗುತ್ತಿದೆ! ಸ್ಕ್ರೂಡ್ರೈವರ್ ಹಚ್ಚಿದ. ದಪ್ಪನೆಯ, ಗುಂಡನೆಯ, ಹೊಟ್ಟೆಯಾಳದ ಬೇಸ್! ಅದಕ್ಕಿಂತ ದೊಡ್ಡ ಸಂತೋಷ ಇನ್ನೊಂದಿತ್ತು. “ಸಪ್ನಾ, ಲಕ್ಷ್ಯ ಕೊಟ್ಟು ಕೇಳು. ಸಾತಪ್ಪನ ಮಗ್ಗ ಕೇಳಸ್ತೈತೇನು? ಪೂರಾ ಮುಳುಗಿ ಹೋತು! ಹತ್ತ ವರ್ಷದ ತ್ರಾಸ ಒಂದ ಡಬ್ಬಿ ನುಂಗಿ ಹಾಕ್ತು!”

ಆ ವಾರವೆಲ್ಲ ಮನೆಯಲ್ಲಿ ಬೇಸ್‌ನದೇ ರಾಜ್ಯ. ನಾಯಕ ನಾಯಕಿಯ ಕೈ ಹಿಡಿದರೆ ಧಡ್ ಧಡ್. “ಎದಿ ಬಡಿತ ಅದು, ಎಷ್ಟ ಚೊಲೋ ಹಿಡದಾರ ನೋಡು” ಎಂದ ಬಾಳೇಶ. ವಾರ್ತೆ ಓದುವವಳು ಟೊಮ್ಯಾಟೊ ದರ ಹೇಳಿದರೂ ಧಡ್ ಧಡ್. “ದರ ಏರಿದ್ದರ ಗಂಭೀರತೆ.” ಅಡುಗೆ ಕಾರ್ಯಕ್ರಮದಲ್ಲಿ ಉಪ್ಪಿಟ್ಟು ಮಾಡುವಾಗಲೂ ಧಡ್ ಧಡ್.

“ಉಪ್ಪಿಟ್ಟಿನ್ಯಾಗ ಯಾಕ ಗುಡಗತೈತ್ರಿ?” ಎಂದಳು ಸಪ್ನಾ.

“ರವಾ ಹುರಿಯಾತಾಳ. ಸಣ್ಣ ಸಣ್ಣ ಸಪ್ಪಳಾನೂ ಹಿಡೀತೈತಿ ಇದು!”

ಒಂದು ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದ. ಒಂದು ಗಂಟೆ ಹೊಡೆದದ್ದೇ ತಡ, ಬೇಸ್ ನಿಂತುಹೋಯಿತು. ಎರಡಕ್ಕೆ ಸರಿಯಾಗಿ ಮತ್ತೆ ಬಂತು. ಸಪ್ನಾ ಅದನ್ನು ತೋರಿಸಿ ಕೇಳಿದರೆ ಬಾಳೇಶ ಪೆಟ್ಟಿಗೆಯ ಬೆನ್ನು ತಿರುಗಿಸಿ ಒಂದು ಗುಂಡಿಯ ಮೇಲೆ ಬೆರಳಿಟ್ಟ. “ಏನ ಬರದಾರ ಓದು. ಆಟೋ! ಗರಂ ಆದಕೂಡ್ಲೇ ತಾನ ಬಂದ್ ಆಕ್ಕೈತಿ, ಥಂಡ ಆದಕೂಡ್ಲೇ ತಾನ ಚಾಲೂ ಆಕ್ಕೈತಿ. ಆಟೋ ನಗರದಾಗ ಇಷ್ಟ ವರ್ಷ ಇದ್ದಾವಗ ಆಟೋ ಅಂದ್ರ ತಿಳಿಯಂಗಿಲ್ಲೇನು?”

ಸಪ್ನಾ ಪೆಟ್ಟಿಗೆ ನೋಡಿದಳು. ಗೋಡೆ ನೋಡಿದಳು. ಗಡಿಯಾರ ನೋಡಿದಳು. ಗಂಡನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, “ಅನ್ನ ಹತ್ತಾತೈತಿ” ಎಂದು ಒಳಗೆ ಹೋದಳು.

ಬಾಳೇಶನಿಗೆ ಒಂದೇ ಒಂದು ಕೊರಗು. ಸಾತಪ್ಪ ಬಂದು ಜಗಳ ಮಾಡುತ್ತಿಲ್ಲ! ಹನ್ನೆರಡು ಇಂಚಿನ ತೋಪು ಗೋಡೆಗೆ ಹಚ್ಚಿದರೂ ಆ ಮನುಷ್ಯ ಹಾಯಾಗಿದ್ದಾನೆ. ಕೊನೆಗೆ ತಾನೇ ಓಣಿಯಲ್ಲಿ ಅಡ್ಡಗಟ್ಟಿ ಕೇಳಿದ. “ಕಾಕಾ, ನಮ್ಮ ಹೋಮ್ ಥಿಯೇಟರಿಂದ ತ್ರಾಸ ಆಗೂದಿಲ್ಲಾ?”

“ಇಲ್ಲಪಾ ತಮ್ಮಾ. ಭಾರೀ ಶಾಣೇ ಮಷಿನ್ ತಂದಿ. ಸೂಜಿ ಬಿದ್ದಷ್ಟೂ ಸಪ್ಪಳ ಇಲ್ಲ.”

ಕೇಳಿದಿರಾ? ಹೊಟ್ಟೆಕಿಚ್ಚಿಗೆ ಒಂದು ಮಿತಿ ಬೇಡವೇ! ಬಾಳೇಶ ಹಲ್ಲು ಕಡಿದುಕೊಂಡು ಮನೆಗೆ ಬಂದು, ಮುಂದಿನ ರವಿವಾರ ಹನ್ನೊಂದಕ್ಕೆ ಬರಬೇಕೆಂದು ಬಾಳಾಸಾಹೇಬನಿಗೆ ಫೋನ್ ಮಾಡಿದ.

ರವಿವಾರ ಬಂತು. ಬಾಳಾಸಾಹೇಬ ಹೆಂಡತಿಯನ್ನೂ ಮಕ್ಕಳನ್ನೂ ಸಾಕ್ಷಿಗೆ ಕರೆದುಕೊಂಡು, ಒಂದು ಚೀಲ ಖಾನಾಪುರದ ಅವಲಕ್ಕಿ ಹಿಡಿದುಕೊಂಡು ಬಂದ. ಬಾಳೇಶ ಎಲ್ಲರನ್ನೂ ಸೋಫಾದಲ್ಲಿ ಸಾಲಾಗಿ ಕೂರಿಸಿ, ಕಿಟಕಿ ಮುಚ್ಚಿ, “ಸಣ್ಣ ಮಕ್ಕಳ ಎದೀ ಮ್ಯಾಲ ಕೈ ಇಡ್ರಿ, ಅಂಜಿಗಿಂಜ್ಯಾವು” ಎಂದು ಎಚ್ಚರಿಕೆ ಕೊಟ್ಟ. ಹೊಡೆದಾಟದ ಸಿನಿಮಾ ಹಚ್ಚಿದ. ನಾಯಕ ಒಬ್ಬನಿಗೆ ಬಲವಾಗಿ ಗುದ್ದಿದ.

ಚಿಟ್.

ಇನ್ನೊಬ್ಬನಿಗೆ ಗುದ್ದಿದ. ಪುಸುಕ್.

ಲಾರಿಯೊಂದು ಸ್ಫೋಟಿಸಿ ಆಕಾಶಕ್ಕೆ ಹಾರಿತು. ಪಾಪಡ್ ಮುರಿದಷ್ಟು ಸದ್ದಾಯಿತು. ಬಾಳಾಸಾಹೇಬನ ಸಣ್ಣ ಮಗಳು ಎದೆಯ ಮೇಲಿನ ಅಪ್ಪನ ಕೈ ಸರಿಸಿ ಆಕಳಿಸಿದಳು.

“ದಾಜೀ, ಬೇಸ್ ಇನ್ನೂ ಬಂದಿಲ್ಲೇನ್ರಿ?” ಎಂದ ಬಾಳಾಸಾಹೇಬ, ಬಸ್ಸಿನ ಬಗ್ಗೆ ಕೇಳುವ ದನಿಯಲ್ಲಿ.

ಬಾಳೇಶ ಧಡಕ್ಕನೆ ಎದ್ದ. ವೋಲ್ಟೇಜ್ ಕಡಿಮೆ ಎಂದ. ಸಿನಿಮಾ ಹಳೆಯದು ಎಂದ. ವೈರ್ ಎಳೆದ, ಪೆಟ್ಟಿಗೆಗೆ ಬಡಿದ, ಕೆಂಪು ದೀಪಕ್ಕೆ ಊದಿದ. ಅಡುಗೆಮನೆಗೆ ನುಗ್ಗಿ ಓಂಕಾರನಿಗೆ ಫೋನ್ ಹಚ್ಚಿ, “ಡಬ್ಬಿಗೆ ಡಬ್ಬೀನ ಮೋಸ! ನಾಳೆ ತಂದು ನಿನ್ನ ಅಂಗಡ್ಯಾಗ ಒಗೀತೀನಿ!” ಎಂದು ಕೂಗಿ, ಅವನು ಉತ್ತರ ಕೊಡುವುದರೊಳಗೆ ಕಟ್ ಮಾಡಿದ.

ಒಗ್ಗರಣೆ ಹಾಕುತ್ತಿದ್ದ ಸಪ್ನಾ ತಲೆಯೆತ್ತದೆ ಹೇಳಿದಳು. “ಅವಂಗ ಯಾಕ ಬೈತೀರಿ? ಇವತ್ತ ಮಗ್ಗ ಬಂದ್ ಅದಾವು.”

“ಮಗ್ಗಕ್ಕೂ ನನ್ನ...” ಎಂದು ಶುರು ಮಾಡಿದ ಬಾಳೇಶ ಅಲ್ಲೇ ನಿಂತ. ಕಿವಿಗೊಟ್ಟ. ಓಣಿಯ ಉಳಿದ ಮಗ್ಗಗಳು ದೂರದಲ್ಲಿ ಗುಯ್ಗುಡುತ್ತಿದ್ದವು. ಪಕ್ಕದ ಗೋಡೆ ಮಾತ್ರ ಸತ್ತಂತಿತ್ತು. ಎದೆ ಬಡಿತ, ಟೊಮ್ಯಾಟೊ ದರ, ಉಪ್ಪಿಟ್ಟಿನ ರವೆ, ಮಧ್ಯಾಹ್ನದ ಒಂದು ಗಂಟೆ, ಎಲ್ಲವೂ ಸಾಲುಗಟ್ಟಿ ಬಂದು ಅವನ ಮುಂದೆ ಕೈಕಟ್ಟಿ ನಿಂತವು.

“ನಿನಗ ಗೊತ್ತಿತ್ತು?”

“ಹೇಳಾಕ ಬಂದಿದ್ದೆ. ನೀವ ಆಟೋ ಅಂದ್ರಿ.”

ಮರುಕ್ಷಣ ಬಾಳೇಶ ಹಿತ್ತಲ ಬಾಗಿಲಿನಿಂದ ಹೊರಬಿದ್ದು ಸಾತಪ್ಪನ ಕಟ್ಟೆಯ ಮುಂದೆ ನಿಂತಿದ್ದ. ಸಾತಪ್ಪ ಕಾಲು ಚಾಚಿ ಪೇಪರ್ ಓದುತ್ತಿದ್ದ.

“ಕಾಕಾ, ಇವತ್ತ ಯಾಕ ಮಗ್ಗ ಬಂದ್?”

“ಖಾನಾಪುರದಿಂದ ನಿಮ್ಮ ಮನೀಗೆ ಪಾವಣ್ಯಾರು ಬರತಾರಂತ ಸಪ್ನಾ ಹೇಳಿದ್ಲಪಾ. ಬೀಗರ ಮುಂದ ನಮ್ಮ ಓಣಿ ಹುಡುಗಗ ಮುಜುಗರ ಆಗಬಾರದಂತ ಒಂದಿನ ಬಿಟ್ಟ ಕುಂತೀನಿ. ನೀ ಆರಾಮ ಟಿವಿ ನೋಡು.”

ಇಂಥ ಒಳ್ಳೆಯತನಕ್ಕೆ ಸಿಟ್ಟು ಮಾಡುವುದಾದರೂ ಹೇಗೆ? ಆದರೂ ಬಾಳೇಶನಿಗೆ ಸಿಟ್ಟೇ ಬಂತು. ಹತ್ತು ವರ್ಷ ಒಂದು ದಿನ ನಿಲ್ಲಿಸದವನು ಇವತ್ತೇ ನಿಲ್ಲಿಸಬೇಕೇ! ಸಿಟ್ಟು ನುಂಗಿ ಕೈಜೋಡಿಸಿದ. “ಕಾಕಾ, ನಿಮ್ಮ ಕಾಲ ಬೀಳ್ತೀನಿ. ಒಂದ ತಾಸ ಚಾಲೂ ಮಾಡ್ರಿ.”

ಸಾತಪ್ಪ ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದ. “ಯಾರು, ನೀ ಹೇಳಾತಿ ಇದನ್ನ? ಒಂದೂವರಿ ಪಾನ ಅರ್ಜಿ ಬರದಾವ?”

“ನಾನ ಹೇಳಾತೀನಿ! ಯಾಕಂತ ಕೇಳಬ್ಯಾಡ್ರಿ!”

“ಆತು. ಆದ್ರ ನಾ ಮುಂದ ಒಂದ ಕೆಲಸ ಹೇಳಿದ್ರ ನೀ ಒಲ್ಲೆ ಅನ್ನಬಾರದು.”

“ಒಲ್ಲೆ ಅಂದ್ರ ನನ್ನ ಕಿವಿ ಕೊಯ್ರಿ!” ಎಂದ ಬಾಳೇಶ. ಕಿವಿ ಇದ್ದದ್ದು ಎರಡು, ಅಡವಿಟ್ಟದ್ದೂ ಎರಡಾಯಿತು.

ಅವನು ಹಿತ್ತಲಿನಿಂದ ಬಂದು ಸೋಫಾದ ತುದಿಯಲ್ಲಿ ಕೂರುವುದಕ್ಕೂ ಗೋಡೆ ಎಚ್ಚರಾಗುವುದಕ್ಕೂ ಸರಿಹೋಯಿತು. ಧಡ್! ಧಡ್! ಧಡ್! ಮಕ್ಕಳು ಬೆಚ್ಚಿದರು. ಬಾಳಾಸಾಹೇಬ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿ ಹುಬ್ಬೇರಿಸಿದ. “ಆಯಿಲಾ! ಮಾನಲಂ ದಾಜೀ! ಒಪ್ಪಿದೆ! ಖರೇ ಬೇಸ್ ಅಂದ್ರ ಇದು!”

“ಗರಂ ಆಗಾಕ ಒಂದೀಟ ಟೈಮ್ ತಗೋತೈತಿ” ಎಂದ ಬಾಳೇಶ, ಕಾಲ ಮೇಲೆ ಕಾಲು ಹಾಕುತ್ತ. ಹತ್ತು ನಿಮಿಷ ಅವನಂಥ ಸುಖಿ ಇಡೀ ಬೆಳಗಾವಿಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಬಾಳಾಸಾಹೇಬನ ಫೋನ್ ಹೊಡೆದುಕೊಂಡಿತು. ಇಟ್ಟಂಗಿ ಭಟ್ಟಿಯಿಂದ ಕರೆ. “ಥಾಂಬಾ ದಾಜೀ, ಒಂದ ಮಿನಿಟ” ಎಂದವನೇ ರಿಮೋಟ್ ಎತ್ತಿ ಸಿನಿಮಾ ನಿಲ್ಲಿಸಿದ. ಗುದ್ದಲು ಎತ್ತಿದ ನಾಯಕನ ಮುಷ್ಟಿ ಗಾಳಿಯಲ್ಲಿ ನಿಂತಿತು. ಬಿದ್ದವನ ಬಾಯಿ ತೆರೆದಂತೇ ಉಳಿಯಿತು.

ಧಡ್. ಧಡ್. ಧಡ್.

ಬಾಳಾಸಾಹೇಬ ಫೋನ್ ಕಿವಿಯಿಂದ ಇಳಿಸಿದ. ಟಿವಿ ನೋಡಿದ. ಪೆಟ್ಟಿಗೆ ನೋಡಿದ. ಬಾಳೇಶ ಹಾರಿ ಬಂದು ಟಿವಿಯ ಸ್ವಿಚ್ಚನ್ನೇ ಆರಿಸಿದ. ಆ ಗಾಬರಿಯಲ್ಲಿ ಯಂತ್ರದ ಸ್ವಿಚ್ಚನ್ನೂ ಆರಿಸಿದ. ಕೆಂಪು ದೀಪವೂ ಹೋಯಿತು.

ಧಡ್. ಧಡ್. ಧಡ್.

“ಬಂದ್ ಮಾಡಿದ್ರೂ ಬರಾತೈತಲ್ರಿ ದಾಜೀ?”

“ಅದು... ಒಳಗ ಉಳದಿದ್ದ ಬೇಸ್ ಖಾಲಿ ಆಗಾತೈತಿ. ಹನ್ನೆರಡು ಇಂಚಿಂದು ನೋಡು, ಭಾಳ ಹಿಡದಿರತೈತಿ.”

ಬಾಳಾಸಾಹೇಬ ಕೈಕಟ್ಟಿ ಕುಳಿತು ಕಾದ. ಒಂದು ನಿಮಿಷವಾಯಿತು. ಎರಡು ನಿಮಿಷವಾಯಿತು.

“ಇನ್ನೂ ಎಷ್ಟ ಲೀಟರ್ ಐತ್ರಿ?”

ಬಾಳೇಶ ಲೀಟರ್ ಲೆಕ್ಕ ಹಾಕುವುದರೊಳಗೆ ಗೋಡೆಯಾಚೆಯಿಂದ ಸಾತಪ್ಪನ ಕಂಚಿನ ಕಂಠ ಕೇಳಿಬಂತು. “ಏ ಬಾಳೇಶಾ! ಎರಡ ಮಗ್ಗ ಸಾಕೇನೋ? ಇಲ್ಲಾ ಇನ್ನೆರಡು ಚಾಲೂ ಮಾಡ್ಲ್ಯಾ?”

ಮೊದಲು ನಕ್ಕದ್ದು ಬಾಳಾಸಾಹೇಬನ ಹೆಂಡತಿ. ನಂತರ ಮಕ್ಕಳು. ಅಡುಗೆಮನೆಯಿಂದ ಸಪ್ನಾಳ ನಗು ಬಂತು, ಸೌಟು ಬಿದ್ದ ಸದ್ದಿನ ಸಮೇತ. ಬಾಳಾಸಾಹೇಬ ಮಾತ್ರ ನಗಲಿಲ್ಲ. ಬಹಳ ಗೌರವದಿಂದ ಹೇಳಿದ. “ದಾಜೀ, ಬರೂ ವಾರ ಟಿಪ್ಪರ್ ಕಳಸ್ತೀನಿ. ಇಂಜಿನ್ ಚಾಲೂ ಐತೋ ಬಂದ್ ಐತೋ ಅಂತ ಮೊದಲ ನಾ ಫೋನ್ ಮಾಡಿ ಹೇಳ್ತೀನಿ. ಆಮ್ಯಾಲ ನೀವು ಕಿವಿ ಹಚ್ರಿ.”

ಆಮೇಲೆ ಅವನೇ ಯಂತ್ರದ ಬೆನ್ನಿಗೆ ಬಗ್ಗಿ ನೋಡಿದ. ಉಳಿದಿದ್ದ ಆ ಒಂದು ವೈರನ್ನು ಕಿತ್ತು ಪಕ್ಕದ ತೂತಿಗೆ ಚುಚ್ಚಿ ಸ್ವಿಚ್ ಒತ್ತಿದ. ತಂದ ದಿನದಿಂದ ಕೆಂಪಗೆ ಮಲಗಿದ್ದ ಪೆಟ್ಟಿಗೆಯ ದೀಪ ಹಸಿರಾಯಿತು. “ನಿದ್ದಿ ಹೊಡ್ಯಾತಿತ್ರಿ ಇದು, ಒಂದಿನಾನೂ ಎದ್ದಿಲ್ಲ” ಎಂದು ಸಿನಿಮಾ ಹಚ್ಚಿದ. ಗಾಳಿಯಲ್ಲಿ ನಿಂತಿದ್ದ ಮುಷ್ಟಿ ಇಳಿಯಿತು.

ಅದು ಸದ್ದಲ್ಲ, ಭೂಕಂಪ. ಕ್ಯಾಲೆಂಡರಿನ ಮೊಳೆಯ ಸ್ಪೀಕರ್ ಮೊಳೆ ಸಮೇತ ಕೆಳಗೆ ಬಂತು. ಅಡುಗೆಮನೆಯ ಫಳಿಯಿಂದ ಸ್ಟೀಲಿನ ಡಬ್ಬಿಗಳು ಒಂದೊಂದಾಗಿ ಇಳಿದವು. ಅವಲಕ್ಕಿಯ ಚೀಲ ತಾನಾಗಿ ಬಾಯಿ ಬಿಟ್ಟಿತು. ಗೋಡೆಯಾಚೆ ಮಗ್ಗಗಳು ಗಕ್ಕನೆ ನಿಂತವು. ಎರಡು ನಿಮಿಷದಲ್ಲಿ ಸಾತಪ್ಪ ಬಾಗಿಲಲ್ಲಿ ನಿಂತಿದ್ದ. ತಲೆಯ ಮೇಲೆ ಗೋಡೆಯ ಸುಣ್ಣ, ಕೈಯಲ್ಲಿ ಹರಿದ ಎಳೆಗಳ ಒಂದು ಗಂಟು.

“ತಮ್ಮಾ, ಆಗ ಮಾತ ಕೊಟ್ಟಿದ್ದಿ. ಒಂದ ಕೆಲಸ ಹೇಳ್ಲ್ಯಾ?”

“ಹೇಳ್ರಿ ಕಾಕಾ” ಎಂದ ಬಾಳೇಶ, ಎರಡೂ ಕಿವಿ ಮುಟ್ಟಿಕೊಳ್ಳುತ್ತ.

“ಪಾಲಿಕೆಗೆ ಒಂದ ಅರ್ಜಿ ಬರ್ಯೂದೈತಿ. ಈ ಓಣ್ಯಾಗ ನಿನ್ನಂಥ ಅಕ್ಷರ ಯಾರ್ದೂ ಇಲ್ಲ. ಹೊಸಾದ ಏನೂ ಬರೀಬ್ಯಾಡ. ಆ ಹಳೇದನ್ನ ತಗಿ, ಹೆಸರ ಅಷ್ಟ ಬದ್ಲಿ ಮಾಡು.”

ಕೊಟ್ಟ ಮಾತು! ಬಾಳೇಶ ಟಿವಿಯ ಕೆಳಗಿನ ಖಾನೆಯಿಂದ ಅರ್ಜಿ ತೆಗೆದ. ಬೀಗರ ಕಣ್ಣೆದುರೇ, ಸೋಫಾದ ಕೈಯ ಮೇಲೆ ಹಾಳೆ ಇಟ್ಟುಕೊಂಡು, ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿದ. ‘ಮಾನ್ಯರೇ, ನೆರೆಮನೆಯ ಸದರಿ ಬಾಳೇಶ ಇವರ ಸಪ್ಪಳದಿಂದ ನಮ್ಮ ಗೋಡೆಗಳು ನಡುಗುತ್ತಿದ್ದು...’ ತಾನೇ ಬರೆದ ಸಾಲುಗಳು ಇಷ್ಟು ಚುಚ್ಚುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ಬರೆದು ಮುಗಿಸಿ, “ಕಾಕಾ, ನಿಮ್ಮ ಸಹಿ ಹಾಕ್ರಿ” ಎಂದು ಚಾಚಿದ.

ಹಾಳೆ ಸಾತಪ್ಪನ ಕೈ ಸೇರುವ ಮುಂಚೆಯೇ ನಡುವೆ ಒಂದು ಕೈ ಬಂತು. ಸಪ್ನಾ ಸೆರಗಿಗೆ ಕೈ ಒರೆಸಿಕೊಂಡು, ಬಾಗಿಲ ಚೌಕಟ್ಟಿಗೆ ಹಾಳೆ ಒತ್ತಿ ಹಿಡಿದು, ಎಲ್ಲರಿಗಿಂತ ಮೇಲೆ, ದಪ್ಪಗೆ ತನ್ನ ಸಹಿ ಹಾಕಿದಳು.

“ಏನ ಇದು! ಅವತ್ತ ನಾ ಅಷ್ಟ ಗೋಗರದ್ರೂ ಹಾಕ್ಲಿಲ್ಲ!” ಎಂದು ಬಾಳೇಶ ಕೂಗಿದ.

“ಅವತ್ತ ಅದರಾಗ ಬರೇ ಸುಳ್ಳಿತ್ರಿ,” ಎಂದು ಸಪ್ನಾ ಪೆನ್ನನ್ನು ಸಾತಪ್ಪನ ಕೈಗೆ ಕೊಟ್ಟಳು. “ಇವತ್ತ ಒಂದ ಅಕ್ಷರಾನೂ ತಿದ್ದೂ ಹಂಗಿಲ್ಲ.”